ಖಾಲಿ ನಿಂತ ಆಂಬುಲೆನ್ಸ್

ಊರಿಗೆ ಫೋನು ಮಾಡಿದರೆ ‘ನೂರೆಂಟು ಬಂತು, ಕರೆದೊಯ್ದಿತು’ ಎಂಬ ಮಾತು ಸಹಜವಾಗಿ ಕೇಳಿಬರುತ್ತದೆ. 2008ರ ರಾಜ್ಯೋತ್ಸವದಂದು ಕರ್ನಾಟಕದಲ್ಲಿ ಆರಂಭವಾದ ‘ಆರೋಗ್ಯ ಕವಚ’ಕ್ಕೆ ಜನರಿಟ್ಟ ಹೆಸರೇ ಆ ಅಂಕಿ. ರೋಹಿಣಿಯಲ್ಲಿ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ಮಕ್ಕಳು ದೂರ ಸೇರಿ, ವಯಸ್ಸಾದ ಇಬ್ಬಿಬ್ಬರೇ ಉಳಿದಿದ್ದೇವೆ. ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿರುವುದು ಇಲ್ಲಿನ 102.

ಈ ಚಳಿಗಾಲದಲ್ಲಿ ನಮ್ಮ ಕಾಲೊನಿಯಲ್ಲೊಂದು ಮನವಿಪತ್ರ ಮನೆಮನೆ ಸುತ್ತಿತು. ಮುಖ್ಯರಸ್ತೆಯ ಬೇವಿನ ಮರದಡಿ ನಿಲ್ಲುವ ಆಂಬುಲೆನ್ಸ್ ಆಗಾಗ ಬೇರೆಡೆ ಹೋಗಿ ನಿಲ್ಲುತ್ತಿದೆ, ಅದನ್ನು ಇಲ್ಲೇ ಕಾಯಂ ಇರಿಸಬೇಕು, ಜೊತೆಗೆ ಇನ್ನೂ ಎರಡು ಬೇಕು ಎಂಬುದು ಬೇಡಿಕೆ. ‘ನಿಮಗೇ ಅಲ್ಲವೇ ಹೆಚ್ಚು ಅಗತ್ಯ?’ ಎಂದರು ತಂದವರು. ನಿಜ, ನಮ್ಮ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡ ಹೃದಯವೊಂದಿದೆ. ಆದರೂ ಸಹಿ ಹಾಕಲು ಮನಸ್ಸಾಗಲಿಲ್ಲ.

ಒಂದು ಗಾಡಿ ನೂರರಲ್ಲಿ 40 ಪಾಲು ಹೊತ್ತು ಓಡಾಟದಲ್ಲಿರುತ್ತದೆ ಎಂದಿಟ್ಟುಕೊಳ್ಳೋಣ. ಕರೆ ಬಂದಾಗ ಅದು ಬಿಡುವಾಗಿ ಸಿಗುವ ಸಾಧ್ಯತೆ ನೂರಕ್ಕೆ 60. ಅಲ್ಲಿಯೇ ಎರಡನೆಯದನ್ನೂ ನಿಲ್ಲಿಸಿದರೆ 84. ಮೂರನೆಯದೂ ಬಂದರೆ ಸುಮಾರು 94. ಮೂರನೆಯ ಗಾಡಿಯಿಂದ ನಮಗಾದ ಲಾಭ ಹತ್ತಕ್ಕೂ ಕಡಿಮೆ. ಅದೇ ಗಾಡಿ, ಒಂದೂ ಇಲ್ಲದ ಬಡಾವಣೆಯಲ್ಲಿ ನಿಂತರೆ ಅಲ್ಲಿಯವರಿಗೆ 60. ಮಾರ್ಕ್ ಡಾಸ್ಕಿನ್ ಎಂಬ ವಿದ್ವಾಂಸರು 1983ರಲ್ಲಿ ಗಣಿತಕ್ಕೆ ಇಳಿಸಿದ್ದು ಈ ವಿಚಾರವನ್ನೇ. ಗಾಡಿಗಳ ಓಡಾಟ ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆದಾಗ ಮಾತ್ರ ಈ ಲೆಕ್ಕ ಸರಿ. 2021ರ ಏಪ್ರಿಲ್‌ನಲ್ಲಿ ಇಡೀ ದೆಹಲಿ ಒಟ್ಟಿಗೇ ಆಂಬುಲೆನ್ಸ್ ಕೇಳಿದಾಗ ಯಾವ ಲೆಕ್ಕವೂ ನಿಲ್ಲುವಂತಿರಲಿಲ್ಲ.

ಗಾಡಿ ಹೊರಟೊಡನೆ ಅದರ ಜಾಗ ಬರಿದಾಗುತ್ತದೆ. ಮುಂದಿನ ಕರೆ ಎಲ್ಲಿಂದಲೋ ತಿಳಿಯದು. ರಿಠಾಲಾದ ಗಾಡಿ ರೋಗಿಯನ್ನು ಹೊತ್ತು ಹೋದರೆ ಮಧುಬನ್ ಚೌಕದ ಗಾಡಿ ಇತ್ತ ಅರ್ಧ ದಾರಿಗೆ ಸರಿದು ನಿಲ್ಲಬೇಕು. ಎದೆನೋವಿನ ಕರೆಗೆ ಹತ್ತಿರದ್ದೇ ಓಡಬೇಕು. ಕಾಲು ಉಳುಕಿದವರಿಗೆ ತುಸು ದೂರದ್ದು ಬಂದರೂ ನಡೆದೀತು. ಹಾಗೆಂದು ಗಳಿಗೆಗೊಮ್ಮೆ ಸರಿಸುತ್ತಿದ್ದರೆ ಸಿಬ್ಬಂದಿಗೆ ಡಬ್ಬಿ ಬಿಚ್ಚಲೂ ಬಿಡುವಿರದು. ಬೇವಿನ ಮರದಡಿ ಸುಮ್ಮನೆ ನಿಂತಂತೆ ಕಾಣುವ ಗಾಡಿ ನಮಗಂತೂ ಕೆಲಸದಲ್ಲಿರುವಂತೆಯೇ ತೋರುತ್ತದೆ.

ಸಹಿಯ ಬದಲು ಕಾಲೊನಿಯ ಸಮಿತಿಗೆ ಬೇರೊಂದು ಚೀಟಿ ಬರೆದುಕೊಟ್ಟೆವು. ರಾತ್ರಿ ಹತ್ತರ ಮೇಲೆ ನಮ್ಮ ನಾಲ್ಕು ಗೇಟುಗಳಲ್ಲಿ ಮೂರಕ್ಕೆ ಬೀಗ. ಸೆಕ್ಟರ್ ತಲುಪಿದ ಗಾಡಿ ಪಾಕೆಟ್ಟು, ಬ್ಲಾಕು ಹುಡುಕುತ್ತ ಸುತ್ತುವಾಗ ಕಳೆಯುವ ನಿಮಿಷಗಳನ್ನು ಯಾವ ನಿಯಂತ್ರಣ ಕೊಠಡಿಯೂ ಉಳಿಸಲಾರದು. ಎರಡನೆಯ ಗೇಟಿನ ಬೀಗದ ಕೈ ಈಗ ರಾತ್ರಿಯ ಕಾವಲುಗಾರನ ಬಳಿ ಇದೆ. ಫಲಕ ಇನ್ನೂ ಹಾಕಿಲ್ಲ.