ಸಕ್ಕರೆ ಕಾಯಿಲೆ ಮುಚ್ಚಿಡೋದು ಯಾಕ? ಮಾತಾಡೋಣ್ರಿ



ಈ ವಾರ ಬೆಳೆ ವಿಷಯ ಬದಿಗಿಟ್ಟು ಬ್ಯಾರೆ ಒಂದು ಬರೀತೀನಿ. ನನಗ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ ಆತು. ಮುಂಜಾನೆ ಗುಳಿಗಿ, ಎರಡು ವರ್ಷದಿಂದ ಸಂಜಿಗೆ ಇನ್ಸುಲಿನ್. "ಇದನ್ನ ಊರಿಗೆಲ್ಲಾ ಯಾಕ ಹೇಳ್ತೀರಿ" ಅಂತ ಮನ್ಯಾಗ ಕೇಳ್ತಾರ. ಹೇಳೋದ್ರಿಂದನ ನಾನು ಉಳದೀನಿ, ಅದಕ್ಕ.

ಹೋದ ವರ್ಷ ಬ್ಯಾಸಿಗ್ಯಾಗ ರಾತ್ರಿ ಪಾಳಿ ತ್ರೀ ಫೇಸ್ ಇತ್ತು. ಎರಡು ಗಂಟೆಗೆ ಮೋಟರ್ ಚಾಲೂ ಮಾಡಿ ನೀರು ತಿರುವಾಕ ಹತ್ತಿದ್ದೆ. ಕೈ ನಡುಗಿದ್ವು, ಮೈಯೆಲ್ಲ ತಣ್ಣಗ ಬೆವರಿತು, ಮಾತು ತೊದಲಿತು. ನೋಡಿದವರು ಕುಡದಾನ ಅಂತ ತಿಳಕೊಂಡು ಹೋಗಿಬಿಡೋ ಹಂಗ ಇರ್ತದ ಅದು. ಬಾಜೂ ಹೊಲದವನ ತಾಯಿಗೂ ಇದ ಕಾಯಿಲೆ, ನನಗ ಐತಿ ಅನ್ನೋದೂ ಅವಗ ಗೊತ್ತಿತ್ತು. ಓಡಿ ಬಂದು ನನ್ನ ಜೇಬಿನಾಗಿನ ಸಕ್ಕರೆ ಪುಡಿಕಿ ಬಿಚ್ಚಿ ನೀರಾಗ ಕಲಸಿ ಕುಡಿಸಿದ. ಕಾಲು ತಾಸಿನಾಗ ಎದ್ದು ಕುಂತೆ.

ಇದಕ್ಕ ಲೋ ಶುಗರ್ ಅಂತಾರ. ರಕ್ತದ ಸಕ್ಕರೆ 70ಕ್ಕಿಂತ ಕೆಳಗ ಇಳಿಯೋದು. ಇನ್ಸುಲಿನ್ ತಗೊಳ್ಳೋರಿಗೆ, ಕೆಲವು ಗುಳಿಗಿ ನುಂಗೋರಿಗೆ, ಉಣ್ಣದ ದುಡಿದರ ಬರ್ತದ. ಮೂರು ಚಮಚ ಸಕ್ಕರೆ ನೀರಾಗ ಕಲಸಿ ಕುಡಿದು 15 ನಿಮಿಷ ಕುಂದರಬೇಕು. ಕಡಿಮಿ ಆಗದಿದ್ರ ಮತ್ತೊಮ್ಮೆ ಕುಡಿಯಬೇಕು. ಆಮೇಲೆ ಏನರ ಉಣ್ಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಕೂಡಲೇ ದವಾಖಾನಿಗೆ ಒಯ್ಯಬೇಕು.

ಡಾಕ್ಟರು ಚಲೋ ಹೇಳ್ತಾರ, ಆದ್ರ ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ. ಉಳಿದ ತೊಂಬತ್ತು ದಿನ ನಮ್ಮ ಕೈಯಾಗ. "ಹೊತ್ತಿಗೆ ಸರಿಯಾಗಿ ಉಣ್ರಿ" ಅಂತಾರ. ಕರೆಂಟು ಯಾವ ಹೊತ್ತಿಗೆ ಬರ್ತದ, ನಾಟಿ ಆಳು ಬಂದಾಗ ಉಣ್ಣಾಕ ಎಷ್ಟೊತ್ತಾಗ್ತದ ಅನ್ನೋದು ಅವರ ಚೀಟಿಯಾಗ ಇರಲ್ಲ. ಅದು ಗೊತ್ತಿರೋದು ಬಾಜೂ ಹೊಲದ ಸಕ್ಕರೆ ಕಾಯಿಲೆಯವನಿಗೆ. ಇನ್ಸುಲಿನ್ ಬಾಟ್ಲಿಯನ್ನ ತೇವ ಮರಳು ತುಂಬಿದ ಮಡಿಕಿಯೊಳಗ ಇನ್ನೊಂದು ಸಣ್ಣ ಮಡಿಕಿ ಇಟ್ಟು ತಂಪಾಗಿ ಇಡೋದನ್ನ ನನಗ ಕಲಿಸಿದ್ದು ಗಂಗಾವತಿ ಕಡೆ ಒಬ್ಬ ಹಿರಿಯರು. ನಮ್ಮ ಬಿಸಿಲು 40 ಡಿಗ್ರಿ ದಾಟ್ತದ, ಫ್ರಿಜ್ ಎಲ್ಲರ ಮನ್ಯಾಗ ಇಲ್ಲ.

ಊಟದ ಮಾತಿಗೆ ಬರೋಣ. ಕುಷ್ಟಗಿ, ಯಲಬುರ್ಗಾ ಕಡೆ ನಾವು "ರೊಟ್ಟಿ ತಿನ್ನೋರಿಗೆ ಸಕ್ಕರೆ ಕಾಯಿಲೆ ಬರಲ್ಲ" ಅಂತೀವಿ. ಗಂಗಾವತಿ ಕಡೆಯವರು ಎಡದಂಡೆ ಕಾಲುವೆ ನೀರು, ಸೋನಾ ಮಸೂರಿ ಅನ್ನ, ಅವರಿಗೆ ಬರ್ತದ ಅಂತ. ಈಗ ರೇಷನ್ ಅಕ್ಕಿ ನಮ್ಮ ಒಲಿ ಮ್ಯಾಲೂ ಐತಿ. ಜೋಳ, ಸಜ್ಜಿ ಚಲೋ ಖರೆ, ಆದ್ರ ಅದೂ ಹಿಟ್ಟ. ಐದು ರೊಟ್ಟಿ ತಿಂದರ ಅದೂ ಸಕ್ಕರೆ ಏರಸ್ತದ. ನಾನು ಎರಡು ರೊಟ್ಟಿ, ಬಟ್ಟಲ ತುಂಬ ಪುಂಡಿಪಲ್ಲೆ, ಹೆಸರುಕಾಳು ಮಾಡ್ಕೊಂಡೀನಿ. ಗವಿಮಠದ ಜಾತ್ರಿ ದಾಸೋಹದಾಗ ಮಾದಲಿ ಬಿಡಾಕ ಮನಸ್ಸು ಬರಲ್ಲ. ಒಂದು ಚಿಟಿಕಿ ಪ್ರಸಾದ ತಗೊಂಡು ಕೈ ಮುಗೀತೀನಿ. ಇದನ್ನೂ ಒಬ್ಬರು ಹೇಳಿಕೊಟ್ಟಿದ್ದು.

ಮುಚ್ಚಿಡೋದು ಯಾಕ ಅಂತ ನನಗೂ ಗೊತ್ತೈತಿ. ಮಕ್ಕಳ ಸಂಬಂಧ ತಪ್ಪೀತು, ಕೂಲಿಗೆ ಕರಿಯಂಗಿಲ್ಲ, ಮಂದಿ ನಗ್ತಾರ ಅನ್ನೋ ಅಂಜಿಕಿ. ನಮ್ಮ ಊರಾಗ ಒಬ್ಬರು ಹಂಗ ಮುಚ್ಚಿಟ್ರು. ಈ ಕಾಯಿಲೆಯಾಗ ಕಾಲಿನ ನರ ಸತ್ತು ನೋವು ತಿಳಿಯೋದಿಲ್ಲ. ಜಾಲಿ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತಾಗಲಿಲ್ಲ. ಕೀವು ವಾಸನಿ ಬಂದ ಮ್ಯಾಲೆ ದವಾಖಾನಿಗೆ ಹೋದ್ರು, ಎರಡು ಬೆರಳು ತಗದ್ರು. ಆಮೇಲೆ ಪಾದ. ಈಗ ಕಟ್ಟಿ ಮ್ಯಾಲೆ ಕುಂತು ಮಗನ ಬೇಸಾಯ ನೋಡ್ತಾರ. ಸಂಜಿಗೆ ಕಾಲು ತೊಳದು, ಬೆರಳ ಸಂದಿ ಒರೆಸಿ, ಅಂಗಾಲನ್ನ ಕನ್ನಡಿ ಹಿಡದು ನೋಡ್ಕೋ ಅಂತ ಹೇಳೋರು ಅವರಿಗೆ ಯಾರೂ ಇರಲಿಲ್ಲ. ಕಾಯಿಲೆ ಐತಿ ಅಂತ ಯಾರಿಗೂ ಗೊತ್ತಿರಲಿಲ್ಲ.

ನಾವು ಒಬ್ಬಿಬ್ಬರಲ್ಲ. 2023ರಾಗ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಾಗ 10 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆ ಐತಿ. ಹಳ್ಳಿಯೊಳಗೂ ನೂರಕ್ಕ ಸುಮಾರು ಒಂಬತ್ತು ವಯಸ್ಕರಿಗೆ. 1922ರಾಗ ಕೆನಡಾದ ಟೊರಾಂಟೊದಾಗ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ರು. ಅದಕ್ಕ ಮೊದಲು ಉಪವಾಸ ಕೆಡವೋದ ಔಷಧ ಆಗಿತ್ತು, ಎಳಿ ಮಕ್ಕಳು ಬದುಕತಿರಲಿಲ್ಲ. ಈಗ ಔಷಧ ಐತಿ. ಅದರ ಜೊತಿ ಬದುಕೋದನ್ನ ಮಾತ್ರ ಒಬ್ಬರಿಂದ ಒಬ್ಬರು ಕಲೀಬೇಕು.

ಆದ್ರ ಹಂಚಿಕೊಳ್ಳೋದಕ್ಕೂ ಬದು ಬೇಕ್ರಿ. ಏನು ಉಂಡೆ, ಎಷ್ಟು ನಡದೆ, ಯಾವಾಗ ತಲಿ ತಿರುಗಿತು, ಇವನ್ನ ಹೇಳ್ರಿ. ನನ್ನ ಗುಳಿಗಿ ನಿನಗ ಅಂತ ಕೊಡಬ್ಯಾಡ್ರಿ. ಒಬ್ಬರ ಕಿಡ್ನಿ ಇನ್ನೊಬ್ಬರದಂಗ ಇರಲ್ಲ. ಎಲಿ ರಸ ಕುಡಿದು ಇನ್ಸುಲಿನ್ ಬಿಡ್ರಿ ಅನ್ನೋರ ಮಾತು ಕೇಳಿ ದವಾಖಾನಿ ಸೇರಿದವರನ್ನ ನೋಡೀನಿ. ಔಷಧ ಏರಿಸೋದು, ಇಳಿಸೋದು ಡಾಕ್ಟರ ಕೆಲಸ.

30 ವರ್ಷ ದಾಟಿದವರು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ಹೋಗ್ರಿ, ಪರೀಕ್ಷೆ ಪುಕ್ಕಟೆ. ಬರಿಹೊಟ್ಟಿಯಾಗ 126 ಅಥವಾ ಹೆಚ್ಚು, ಇಲ್ಲಾ ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದ್ರ ಡಾಕ್ಟರು ಮತ್ತೊಮ್ಮೆ ನೋಡಿ ಖಾತ್ರಿ ಮಾಡ್ತಾರ. ಇದ್ರ, ಹೊಲದಾಗ ನಿಮ್ಮ ಜೊತಿ ದುಡಿಯೋ ಒಬ್ಬರಿಗಾದ್ರೂ ಹೇಳಿಡ್ರಿ. ಜೇಬಿನಾಗ ಸಕ್ಕರೆ ಪುಡಿಕಿ ಎಲ್ಲೈತಿ ಅನ್ನೋದನ್ನೂ ಹೇಳ್ರಿ.

ಮುಂದಿನ ವಾರ ಕಡಲಿ ಬೀಜೋಪಚಾರ ಬರೀತೀನಿ.