ಮಂಜುಗಡ್ಡೆಯ ಮೇಲೆ ಕೈ ಹಿಡಿದವರು

ಮಗಳ ಬಾಣಂತನಕ್ಕೆಂದು ನಾವಿಬ್ಬರೂ 2017ರ ಅಕ್ಟೋಬರ್ ಮೊದಲ ವಾರದಲ್ಲಿ ಕಾಸರಗೋಡಿನಿಂದ ಕೆನಡಾಕ್ಕೆ ಹೊರಟೆವು. ಮಗಳು ಅಳಿಯ ಇದ್ದದ್ದು ಲಂಡನ್ ಎಂಬ ಊರಿನಲ್ಲಿ. ಹಾಗೆಂದಾಗ ನಮ್ಮ ನೆರೆಕರೆಯವರೆಲ್ಲ ಇಂಗ್ಲೆಂಡಿನ ಲಂಡನ್ ಎಂದೇ ತಿಳಿದುಕೊಂಡರು. ಇದು ಒಂಟಾರಿಯೋ ಪ್ರಾಂತ್ಯದ ಲಂಡನ್. ಅಲ್ಲಿಯೂ ಥೇಮ್ಸ್ ಎಂಬ ಹೆಸರಿನ ನದಿಯೊಂದು ಉಂಟು. ಪೆಟ್ಟಿಗೆಯಲ್ಲಿ ಬಾಣಂತಿ ಲೇಹ್ಯ, ಕುಚ್ಚಲಕ್ಕಿ, ಒಣ ಶುಂಠಿ ತುಂಬಿಸಿಕೊಂಡು ಹೋದ ನಮಗೆ, ಅಲ್ಲಿ ಆರು ತಿಂಗಳು ಮಂಜುಗಡ್ಡೆಯ ಮೇಲಿನ ನೃತ್ಯವನ್ನು ನೋಡುತ್ತ ಕುಳಿತೇವು ಎಂದು ಕನಸಿನಲ್ಲಿಯೂ ಅನಿಸಿರಲಿಲ್ಲ.

ನಮಗೆ ಆ ಹುಚ್ಚು ಹಿಡಿಸಿದ್ದು ಪಕ್ಕದ ಮನೆಯ ವೃದ್ಧೆ. ಆ ವರ್ಷ ಊರಿಗೆ ಊರೇ ದಿನ ಎಣಿಸುತ್ತಿತ್ತು. 2018ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದಲ್ಲಿ ಚಳಿಗಾಲದ ಒಲಿಂಪಿಕ್ಸ್. ಐಸ್ ಡ್ಯಾನ್ಸ್‌ನಲ್ಲಿ ಕೆನಡಾದ ಜೋಡಿ ಟೆಸ್ಸಾ ವರ್ಚ್ಯೂ ಮತ್ತು ಸ್ಕಾಟ್ ಮೊಯರ್. ಟೆಸ್ಸಾ ಇದೇ ಲಂಡನ್ನಿನವಳು. ಸ್ಕಾಟ್ ಹತ್ತಿರದ ಇಲ್ಡರ್ಟನ್ ಎಂಬ ಸಣ್ಣ ಊರಿನವನು. 1997ರಲ್ಲಿ ಅವಳಿಗೆ ಏಳು, ಅವನಿಗೆ ಒಂಬತ್ತು ವರ್ಷವಿದ್ದಾಗ ಸ್ಕಾಟ್‌ನ ಚಿಕ್ಕಮ್ಮ ಇಬ್ಬರನ್ನೂ ಜೋಡಿ ಮಾಡಿ ಕೈ ಕೈ ಹಿಡಿಸಿದರಂತೆ. ಅಂದಿನಿಂದ 20 ವರ್ಷ ಆ ಕೈಗಳು ಜೊತೆ ಬಿಟ್ಟಿರಲಿಲ್ಲ. ಅವರು ಗಂಡ ಹೆಂಡತಿಯಲ್ಲ, ಆಟದ ಜೊತೆಗಾರರು. ಅಮೆರಿಕದ ಶಿಬುಟಾನಿ ಜೋಡಿಯಂತೂ ಅಣ್ಣ ತಂಗಿ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಒಂದು ವಾರ ಬೇಕಾಯಿತು.

ಆಟದ ರೀತಿಯನ್ನು ಅಳಿಯ ವಿವರಿಸಿದ. ಇದು 1976ರಿಂದ ಒಲಿಂಪಿಕ್ಸ್‌ನಲ್ಲಿದೆ. ಪೇರ್ ಸ್ಕೇಟಿಂಗ್ ಎಂಬ ಇನ್ನೊಂದು ಸ್ಪರ್ಧೆಯಲ್ಲಿ ಹುಡುಗಿಯನ್ನು ಗಾಳಿಗೆ ಎಸೆಯುತ್ತಾರೆ, ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ. ಐಸ್ ಡ್ಯಾನ್ಸ್‌ನಲ್ಲಿ ಎಸೆಯುವಂತಿಲ್ಲ. ಎತ್ತಬಹುದು, ಆದರೆ ಎತ್ತುವವನ ಕೈ ಅವನ ತಲೆಗಿಂತ ಮೇಲೆ ಹೋಗಬಾರದು. ಅದೂ ಕೆಲವೇ ಸೆಕೆಂಡು. ಇಲ್ಲಿ ನೋಡುವುದು ಶಕ್ತಿಯನ್ನಲ್ಲ, ಹೊಂದಾಣಿಕೆಯನ್ನು. ಇಬ್ಬರ ಪಾದಗಳ ನಡುವಿನ ಅಂತರ, ಬ್ಲೇಡಿನ ಅಂಚಿನ ಮೇಲೆ ಒಟ್ಟಾಗಿ ಓಲುವುದು, ಮುಟ್ಟದೆ ಅಕ್ಕಪಕ್ಕದಲ್ಲಿ ಒಂದೇ ಕಾಲಿನ ಮೇಲೆ ಗಿರಗಿರನೆ ತಿರುಗುತ್ತ ಸಾಗುವುದು. ಒಂಬತ್ತು ಮಂದಿ ತೀರ್ಪುಗಾರರು ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಸರಾಸರಿ ತೆಗೆಯುತ್ತಾರೆ. ಆಗ ಮೊದಲ ದಿನ ಚಿಕ್ಕ ನೃತ್ಯವಿರುತ್ತಿತ್ತು, ಎರಡನೆಯ ದಿನ ಸುಮಾರು ನಾಲ್ಕು ನಿಮಿಷದ ಫ್ರೀ ಡ್ಯಾನ್ಸ್. ಎರಡನ್ನೂ ಕೂಡಿಸಿದರೆ ಫಲಿತಾಂಶ.

ಸೀಸನ್ ಶುರುವಾಗುವಾಗ ಎಲ್ಲರ ಬಾಯಲ್ಲಿಯೂ ಎರಡೇ ಜೋಡಿ. ಟೆಸ್ಸಾ ಮತ್ತು ಸ್ಕಾಟ್ 2010ರಲ್ಲಿ ಚಿನ್ನ, 2014ರಲ್ಲಿ ಬೆಳ್ಳಿ ಗೆದ್ದು, ಎರಡು ವರ್ಷ ಸ್ಪರ್ಧೆಯಿಂದ ದೂರವಿದ್ದು ಮರಳಿ ಬಂದವರು. ಬಂದ ವರ್ಷ ಒಂದನ್ನೂ ಸೋಲದೆ 2017ರ ವಿಶ್ವ ಪ್ರಶಸ್ತಿ ಗೆದ್ದಿದ್ದರು. ಅವರಿಗೆ ಎದುರಾಳಿಗಳು ಫ್ರಾನ್ಸಿನ ಗೇಬ್ರಿಯೆಲಾ ಪಾಪಡಾಕಿಸ್ ಮತ್ತು ಗಿಯೋಮ್ ಸಿಝೆರೋನ್. 2015 ಮತ್ತು 2016ರ ವಿಶ್ವ ಚಾಂಪಿಯನ್ನರು. ಇವರೂ ಬಾಲ್ಯದಿಂದಲೇ ಜೋಡಿ.

ನಮಗೆ ಆಶ್ಚರ್ಯವಾದದ್ದು ಇನ್ನೊಂದು ಸಂಗತಿ. ಈ ಎರಡು ಜೋಡಿಗಳಿಗೂ ಗುರುಗಳು ಒಬ್ಬರೇ. ಮಾಂಟ್ರಿಯಲ್‌ನಲ್ಲಿ ಒಂದೇ ಅಂಗಣದಲ್ಲಿ ಅಭ್ಯಾಸ. ಗುರುಗಳೂ ಒಂದು ದಂಪತಿ: ಮರಿ-ಫ್ರಾನ್ಸ್ ದುಬ್ರೆಯ್ ಮತ್ತು ಪಾತ್ರಿಸ್ ಲೋಝೋನ್. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಕೆಲಸಕ್ಕೆ ಅರ್ಜಿ ಹಾಕಿದರೆ ತಂದೆ ತಾಯಿಯ ಹೊಟ್ಟೆ ಹೇಗೆ ಆಗಬೇಡ? ಹಾಗೆಂದುಕೊಂಡು ನಾವು ಅವರಿಗಾಗಿ ಮರುಗಿದೆವು. ಮರುಗಿದ ನಮ್ಮಲ್ಲಿಯೇ ಪಕ್ಷ ಹುಟ್ಟಿತು. ಒಬ್ಬರು ಕೆನಡಾದ ಕಡೆ, ಒಬ್ಬರು ಫ್ರಾನ್ಸಿನ ಕಡೆ. ಸೋತವರು ಮರುದಿನ ಬೆಳಗ್ಗಿನ ಚಹಾ ಮಾಡಬೇಕೆಂದು ಪಣ.

ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಆರು ದೇಶಗಳಲ್ಲಿ ಗ್ರಾನ್ ಪ್ರಿ ಸ್ಪರ್ಧೆಗಳು ನಡೆದವು. ಒಂದು ಜೋಡಿಗೆ ಹೆಚ್ಚೆಂದರೆ ಎರಡು ಅವಕಾಶ. ಕೆನಡಾದವರು ತಮ್ಮ ದೇಶದಲ್ಲಿಯೂ ಜಪಾನಿನಲ್ಲಿಯೂ ಗೆದ್ದರು. ಫ್ರಾನ್ಸಿನವರು ಚೀನಾದಲ್ಲಿ ಗೆದ್ದು, ಒಟ್ಟು 200 ಅಂಕ ದಾಟಿದ ಮೊದಲ ಐಸ್ ಡ್ಯಾನ್ಸ್ ಜೋಡಿಯೆನಿಸಿಕೊಂಡರು. ಬಳಿಕ ತಮ್ಮ ದೇಶದಲ್ಲಿಯೂ ಗೆದ್ದರು. ಡಿಸೆಂಬರ್‌ನಲ್ಲಿ ಜಪಾನಿನ ನಗೋಯಾದಲ್ಲಿ ಆರು ಅತ್ಯುತ್ತಮ ಜೋಡಿಗಳ ಫೈನಲ್. ಅಲ್ಲಿ ಫ್ರಾನ್ಸ್ ಎರಡು ಅಂಕಗಳಿಗಿಂತ ತುಸು ಹೆಚ್ಚಿನ ಅಂತರದಿಂದ ಗೆದ್ದಿತು. ಅಷ್ಟರಲ್ಲಿ ದೇವರ ದಯೆಯಿಂದ ಮಗಳಿಗೆ ಸುಖಪ್ರಸವವಾಗಿ ಗಂಡು ಮಗು ಮನೆ ತುಂಬಿತ್ತು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಪಂದ್ಯ ನೋಡಿದೆವು. ಚಹಾ ಮಾಡುವ ಸರದಿಯೂ ನಗುತ್ತಲೇ ತೀರಿತು.

ನಗು ನಿಂತದ್ದು ಜನವರಿಯ ಕೊನೆಯಲ್ಲಿ. ಭಾನುವಾರದ ಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಿಳಿದು ಕಾರಿನ ಕಡೆಗೆ ನಡೆಯುತ್ತಿದ್ದೆವು. ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆ ರಸ್ತೆಯ ಮೇಲೆ ಕಟ್ಟಿತ್ತು. ನಾವು ಕೈ ಹಿಡಿದುಕೊಂಡಿದ್ದೆವು. ಮರುಕ್ಷಣ ಹಿಡಿದಿರಲಿಲ್ಲ. ನಮ್ಮಲ್ಲೊಬ್ಬರು ನೆಲದ ಮೇಲಿದ್ದೆವು. ಬಲಗೈಯ ಮಣಿಕಟ್ಟು ಮುರಿದಿತ್ತು.

ಈ ಲೇಖನವನ್ನು ನಾವಿಬ್ಬರೂ ಕೂಡಿ ಬರೆಯುತ್ತಿದ್ದೇವೆ. ಆದುದರಿಂದ ಬಿದ್ದವರು ಯಾರು, ಕೈ ಬಿಟ್ಟವರು ಯಾರು ಎಂದು ಇಲ್ಲಿ ಹೇಳುವುದಿಲ್ಲ. ಅಂದು ಮಾತ್ರ ನಾವು ಅದನ್ನೇ ಹೇಳಿದೆವು. “ಕೈ ಬಿಟ್ಟದ್ದು ನೀವು.” “ಬಿಟ್ಟದ್ದಲ್ಲ, ನೀವು ಎಳೆದುಕೊಂಡದ್ದು.” ಆಸ್ಪತ್ರೆಯಲ್ಲಿ ಕಾಯುವಾಗಲೂ ಅದೇ ಮಾತು. ಖರ್ಚಿನ ಮಾತು, ಬಾಣಂತಿ ಮಗಳಿಗೆ ಭಾರವಾದೆವೆಂಬ ಮಾತು, ಕೊನೆಗೆ 36 ವರ್ಷದ ದಾಂಪತ್ಯದಲ್ಲಿ ಎಂದೆಂದೋ ಕೈ ಬಿಟ್ಟ ಹಳೆಯ ಲೆಕ್ಕಗಳು. ಹೆತ್ತವರ ಕಾಯಿಲೆಯ ವರ್ಷ, ಸಾಲದ ವರ್ಷ, ಎಲ್ಲವೂ ಹೊರಬಂದವು. ಆಮೇಲೆ ಮಾತೇ ನಿಂತಿತು. ಮೂರು ವಾರ ಬೇಕಾದಷ್ಟೇ ಮಾತು, ಅದೂ ಮಗುವಿನ ನೆಪದಲ್ಲಿ. ಬ್ಯಾಂಡೇಜಿನ ಕೈಗೆ ಸ್ವೆಟರಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಇನ್ನೊಬ್ಬರು ಬಂದು, ಮುಖ ನೋಡದೆ, ಗುಂಡಿ ಹಾಕಿ ಹೋಗುತ್ತಿದ್ದೆವು. ಮಗಳು ಎಲ್ಲವನ್ನೂ ಗಮನಿಸುತ್ತಿದ್ದಳು, ಏನೂ ಹೇಳಲಿಲ್ಲ.

ಫೆಬ್ರವರಿ 18, ತಪಸ್ಸುಕಾಲದ ಮೊದಲ ಭಾನುವಾರ. ಕೊರಿಯಾದಲ್ಲಿ ಸೋಮವಾರ ಬೆಳಗಾಗಿತ್ತು. ಮಗಳು ನಮ್ಮಿಬ್ಬರನ್ನೂ ಕರೆದು ಒಂದೇ ಸೋಫಾದ ಮೇಲೆ ಕೂರಿಸಿದಳು. ಚಿಕ್ಕ ನೃತ್ಯ. ಫ್ರಾನ್ಸಿನ ಜೋಡಿ ಆರಂಭಿಸಿ ಕೆಲವೇ ಕ್ಷಣಗಳಲ್ಲಿ ಗೇಬ್ರಿಯೆಲಾಳ ಉಡುಪಿನ ಕುತ್ತಿಗೆಯ ಹುಕ್ಕು ಕಳಚಿಕೊಂಡಿತು. ಹೆಣ್ಣುಮಗಳೊಬ್ಬಳಿಗೆ ಜಗತ್ತಿನ ಎದುರು ಅದಕ್ಕಿಂತ ದೊಡ್ಡ ಸಂಕಟವಿಲ್ಲ. ಮಧ್ಯದಲ್ಲಿ ನಿಂತರೆ ಅಂಕ ಕಡಿತ. ಅವರು ನಿಲ್ಲಲಿಲ್ಲ. ಒಂದು ಹೆಜ್ಜೆಯೂ ತಪ್ಪದಂತೆ, ಮಾನವನ್ನೂ ತಾಳವನ್ನೂ ಕಾಪಾಡಿಕೊಂಡು ಇಬ್ಬರೂ ಕೊನೆಯವರೆಗೆ ಸಾಗಿದರು. ಅವರಿಗೆ 81.93, ಕೆನಡಾಕ್ಕೆ 83.67. ಅಂತರ 1.74. ಹುಕ್ಕು ಹಾಕಿದವರು ಯಾರು, ಸರಿಯಾಗಿ ನೋಡದವರು ಯಾರು ಎಂಬ ಪ್ರಶ್ನೆ ನಮ್ಮ ಮನಸ್ಸಿಗೆ ಮೊದಲು ಬಂತು. ಆದರೆ ಅವರಿಗೆ ಅದನ್ನು ಕೇಳುತ್ತ ಕೂರಲು ಸಮಯ ಎಲ್ಲಿತ್ತು? ಒಂದೇ ರಾತ್ರಿ ಉಳಿದಿತ್ತು.

ಮರುದಿನ ಒಂಟಾರಿಯೋದಲ್ಲಿ ಕುಟುಂಬ ದಿನದ ರಜೆ. ಪಕ್ಕದ ಮನೆಯ ವೃದ್ಧೆಯೂ ನಮ್ಮಲ್ಲಿಗೇ ಬಂದಳು. ಫ್ರೀ ಡ್ಯಾನ್ಸ್. ಅಮೆರಿಕದ ಮ್ಯಾಡಿಸನ್ ಚಾಕ್ ಮತ್ತು ಇವಾನ್ ಬೇಟ್ಸ್ ಜೊತೆಯಾಗಿ ತಿರುಗುತ್ತಿದ್ದಾಗ ಒಬ್ಬರ ಬ್ಲೇಡಿಗೆ ಇನ್ನೊಬ್ಬರ ಬ್ಲೇಡು ತಾಗಿ ಇಬ್ಬರೂ ಬಿದ್ದರು. ತಪ್ಪು ಯಾರದು? ತಿರುಗುವಾಗ ಎರಡು ದೇಹ ಒಂದೇ ಆಗಿರುತ್ತದೆ, ಯಾರದೆಂದು ಹೇಳಲಾದೀತು? ಎದ್ದರು, ಕೈ ಹಿಡಿದರು, ನೃತ್ಯ ಮುಗಿಸಿದರು. ಸಿಕ್ಕಿದ್ದು ಒಂಬತ್ತನೆಯ ಸ್ಥಾನ.

ಆಗ ವೃದ್ಧೆ ಹಳೆಯದೊಂದು ಸಂಗತಿ ಹೇಳಿದಳು. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಪಾತ್ರಿಸ್ ಎತ್ತಿ ತಿರುಗಿಸುತ್ತಿದ್ದಾಗ ಮರಿ-ಫ್ರಾನ್ಸ್ ಅವನ ಹಿಡಿತದಿಂದ ಜಾರಿ ಮಂಜುಗಡ್ಡೆಗೆ ಬಿದ್ದಳು. ಪೆಟ್ಟಿನಿಂದಾಗಿ ಅವರು ಸ್ಪರ್ಧೆಯಿಂದಲೇ ಹಿಂದೆ ಸರಿಯಬೇಕಾಯಿತು. ಮುಂದಿನ ತಿಂಗಳೇ ಕ್ಯಾಲ್ಗರಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದೇ ಜೋಡಿ ಬೆಳ್ಳಿ ಗೆದ್ದಿತು. ಎರಡು ವರ್ಷದ ಬಳಿಕ ಅವರ ಮದುವೆಯಾಯಿತು. ಇಂದು ಅಂಗಣದ ಅಂಚಿನಲ್ಲಿ ನಿಂತು ಎರಡೂ ಜೋಡಿಗಳನ್ನು ಕಳುಹಿಸುತ್ತಿರುವವರು ಇವರೇ. ಬಿದ್ದವಳು, ಬೀಳುವಾಗ ಹಿಡಿಯಲಾಗದವನು.

ನಾವಿಬ್ಬರೂ ಟಿ.ವಿ.ಯನ್ನೇ ನೋಡುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡುವ ಧೈರ್ಯವಿರಲಿಲ್ಲ.

ಫ್ರಾನ್ಸಿನ ಜೋಡಿ ಬೀಥೋವನ್‌ನ ಮೂನ್‌ಲೈಟ್ ಸೊನಾಟಾಕ್ಕೆ ಹೆಜ್ಜೆ ಹಾಕಿತು. ಹಿಂದಿನ ದಿನದ ಅವಮಾನದ ನೆರಳೂ ಅಲ್ಲಿರಲಿಲ್ಲ. 123.35 ಅಂಕ, ಅಲ್ಲಿಯವರೆಗೆ ಯಾರಿಗೂ ಸಿಗದಷ್ಟು. ಕೊನೆಗೆ ಟೆಸ್ಸಾ ಮತ್ತು ಸ್ಕಾಟ್. ವೃದ್ಧೆ ಕಣ್ಣು ಮುಚ್ಚಿಕೊಂಡಿದ್ದಳು. ಅವರಿಗೆ ಸಿಕ್ಕಿದ್ದು 122.40. ಎರಡನೆಯ ದಿನ ಗೆದ್ದದ್ದು ಫ್ರಾನ್ಸ್. ಒಟ್ಟಿನಲ್ಲಿ ಗೆದ್ದದ್ದು ಕೆನಡಾ. 206.07 ಮತ್ತು 205.28. ಅಂತರ 0.79. ಒಂದು ಅಂಕವೂ ಅಲ್ಲ. ಒಂದು ಹುಕ್ಕಿನಷ್ಟು ಎಂದು ನಮಗನಿಸಿತು. ನಾಲ್ಕು ತಿಂಗಳ ಲೆಕ್ಕಾಚಾರ, ಭವಿಷ್ಯವಾಣಿ, ಪಣ ಎಲ್ಲವೂ ಅಷ್ಟರಲ್ಲಿ ಮುಗಿಯಿತು.

ವೃದ್ಧೆ ಅಳುತ್ತ ಮಗುವನ್ನು ಮುದ್ದಿಸಿದಳು. ಮಗಳು ಮಾತ್ರ ನಮ್ಮ ಕಡೆ ತಿರುಗಿ, “ಬೀಳುವಾಗ ಯಾರು ಯಾರನ್ನು ಬಿಟ್ಟರು ಅಂತ ಅವರು ಅಂಕ ಲೆಕ್ಕ ಹಾಕ್ತಾ ಕೂತಿದ್ರೆ ಇವತ್ತು ಆಡ್ತಿದ್ರಾ?” ಎಂದಳು. ಅಷ್ಟೇ. ಹೆತ್ತ ಮಗಳಿಂದ ಬುದ್ಧಿ ಹೇಳಿಸಿಕೊಳ್ಳುವ ಕಾಲವೂ ಬರುತ್ತದೆ, ಪ್ರಿಯ ಓದುಗರೇ.

ಮರುದಿನ ಬೆಳಿಗ್ಗೆ ಗುಂಡಿ ಹಾಕುವಾಗ ಮುಖ ನೋಡಿದೆವು. “ಕೈ ಬಿಟ್ಟದ್ದು ನಾನೇ ಇರಬೇಕು” ಎಂಬ ಮಾತು ಬಂತು. ಅದು ಇಬ್ಬರ ಬಾಯಿಂದಲೂ ಬಂತು. ಮೊದಲು ಹೇಳಿದವರು ಯಾರೆಂಬ ಬಗ್ಗೆ ಈಗ ಹೊಸ ಜಗಳವುಂಟು, ಅದು ಬೇರೆ. ಆ ದಿನದ ಚಹಾ ಸೋತವರು ಮಾಡಲಿಲ್ಲ, ಗೆದ್ದವರೂ ಮಾಡಲಿಲ್ಲ. ಮೂರು ಕೈ ಸೇರಿ ಮಾಡಿದೆವು.

ಊರಿಗೆ ಮರಳುವ ಮೊದಲು ವೃದ್ಧೆ ನಮ್ಮನ್ನು ಒಂದು ಸ್ಕೇಟಿಂಗ್ ಅಂಗಣಕ್ಕೆ ಕರೆದುಕೊಂಡು ಹೋದಳು. ನಾಲ್ಕೈದು ವರ್ಷದ ಮಕ್ಕಳಿಗೆ ಮೊದಲ ಪಾಠ. ಜಾರುವುದನ್ನೋ ತಿರುಗುವುದನ್ನೋ ಕಲಿಸುತ್ತಾರೆಂದು ನಾವು ಎಣಿಸಿದ್ದೆವು. ಕಲಿಸಿದ್ದು ಬೀಳುವುದನ್ನು. ಮೊಣಕಾಲು ಮಡಚಿ, ಪಕ್ಕಕ್ಕೆ ಬಿದ್ದು, ಮಂಡಿಯೂರಿ ಏಳುವುದು. ಮಕ್ಕಳು ನಗುನಗುತ್ತ ಬಿದ್ದವು, ಎದ್ದವು. ನಮ್ಮ ಮದುವೆಯ ಸಿದ್ಧತೆಯಲ್ಲಿ ಈ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಜೋಡಿಗಳ ಕಥೆ ಮುಂದುವರಿಯಿತು. ಟೆಸ್ಸಾ ಮತ್ತು ಸ್ಕಾಟ್ 2019ರಲ್ಲಿ ವಿದಾಯ ಹೇಳಿದರು. 0.79ರಿಂದ ಸೋತ ಫ್ರಾನ್ಸಿನ ಜೋಡಿ 2022ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿತು; ಆಮೇಲೆ ಅವರ ದಾರಿಯೂ ಬೇರೆಯಾಯಿತು. ಅಂದು ಬಿದ್ದು ಒಂಬತ್ತನೆಯವರಾದ ಚಾಕ್ ಮತ್ತು ಬೇಟ್ಸ್ 2023, 2024, 2025 ಮೂರು ವರ್ಷವೂ ವಿಶ್ವ ಚಾಂಪಿಯನ್ನರಾದರು; 2024ರಲ್ಲಿ ಮದುವೆಯೂ ಆದರು. ಆಟದ ಜೋಡಿಗೆ ಕೊನೆಯ ಸೀಸನ್ ಎಂಬುದಿದೆ. ಕೈ ಹಿಡಿದವರೆಂದು ನಮ್ಮ ಭಾಷೆ ಕರೆಯುವ ಜೋಡಿಗೆ ಅದು ಇಲ್ಲ. ನಮಗೆ ಪ್ರತಿ ಮಳೆಗಾಲವೂ ಹೊಸ ಸೀಸನ್.

ನಮ್ಮ ಅಂಗಳದಿಂದ ಬಾವಿಕಟ್ಟೆಗೆ ಇಳಿಯುವ ಮುರಕಲ್ಲಿನ ಮೆಟ್ಟಿಲುಗಳಿಗೆ ಜೂನ್ ತಿಂಗಳಲ್ಲಿ ಪಾಚಿ ಹಿಡಿಯುತ್ತದೆ. ಮಂಜುಗಡ್ಡೆಗಿಂತ ಕಡಿಮೆಯೇನಲ್ಲ. ಮಣಿಕಟ್ಟು ಕೂಡಿದೆ, ಮಳೆ ಬಂದಾಗ ಸ್ವಲ್ಪ ನೋಯುತ್ತದೆ. ಇಳಿಯುವಾಗ ಕೈ ಹಿಡಿಯುತ್ತೇವೆ. ಜಾರಿದರೆ ಇಬ್ಬರೂ ಜಾರುವುದೆಂದು ತೀರ್ಮಾನಿಸಿದ್ದೇವೆ.