ಡೊರೆಮಾನನ ಮಾತು ಯಾವ ನುಡಿ?

ಟೋಕಿಯೋದ ತಾಕದಾನೊಬಾಬಾ ನಿಲ್ದಾಣದಲ್ಲಿ ರೈಲು ಹೊರಡುವ ಸೂಚನೆಯಾಗಿ ಕೇಳಿಬರುವುದು ಒಸಾಮು ತೆಜುಕಾ ಅವರ 'ಅಸ್ಟ್ರೋ ಬಾಯ್'ನ ರಾಗ. ಸಕಾಯಿಮಿನಾತೊ ಎಂಬ ಬಂದರೂರಿನ ಬೀದಿಯುದ್ದಕ್ಕೂ ಶಿಗೆರು ಮಿಜುಕಿ ಚಿತ್ರಿಸಿದ ಭೂತಗಳು ಕಂಚಿನಲ್ಲಿ ನಿಂತಿವೆ. 1969ರಲ್ಲಿ ಆರಂಭವಾದ 'ಸಜಾಎ-ಸಾನ್' ಎಂಬ ಸಾಧಾರಣ ಕುಟುಂಬದ ಕಥೆ ಭಾನುವಾರ ಸಂಜೆಯ ಊಟದ ಹೊತ್ತಿನೊಡನೆ ಬೆರೆತುಹೋಗಿದೆ. 2008ರಲ್ಲಿ ಅಲ್ಲಿನ ವಿದೇಶಾಂಗ ಸಚಿವಾಲಯವು ಡೊರೆಮಾನ್ ಎಂಬ ಬೆಕ್ಕನ್ನು ಅನಿಮೆ ರಾಯಭಾರಿಯನ್ನಾಗಿ ನೇಮಿಸಿತು. ನಗೆ ಬರಿಸುವ ನೇಮಕವೆನಿಸಿದರೂ ಅದರ ಹಿಂದಿನ ಆತ್ಮವಿಶ್ವಾಸ ನಗುವಂಥದ್ದಲ್ಲ. ತನ್ನ ಮಕ್ಕಳು ತನ್ನ ನುಡಿಯಲ್ಲಿ ಕೇಳಿದ ಕಥೆಯನ್ನು ಆ ನಾಡು ಹೊರಗೆ ಕಳುಹಿಸುತ್ತಿತ್ತು.

ಆ ಬೆಕ್ಕು ಕರ್ನಾಟಕಕ್ಕೂ ಬಂದಿತು. ಆದರೆ ಹಿಂದಿ ಮಾತಾಡುತ್ತ ಬಂದಿತು. ದಾಂಡೇಲಿಯ ಬಳಿಯ ಕುಳಗಿಯಂತಹ ಕಾಡಂಚಿನ ಊರುಗಳ ಸೀಮೆಯಲ್ಲಿ ಮನೆಮಾತು ಕೊಂಕಣಿಯೋ ಮರಾಠಿಯೋ ಉರ್ದುವೋ ಆಗಿರುವುದು ಸಾಮಾನ್ಯ. ಅಂತಹ ಮನೆಯ ಮಗುವಿಗೆ ಕನ್ನಡವು ಬಹುಮಟ್ಟಿಗೆ ಶಾಲೆಯ ನುಡಿ, ಪಾಠದ ನುಡಿ. ನಗು, ಕುಚೇಷ್ಟೆ, ಅದ್ಭುತಗಳ ನುಡಿಯಾಗುವ ಅವಕಾಶವನ್ನು ಕಾರ್ಟೂನು ಕೊಡಬಹುದಾಗಿತ್ತು. ಅದು ಹಿಂದಿಯ ಪಾಲಾಯಿತು.

ಇದಕ್ಕೊಂದು ಚರಿತ್ರೆಯಿದೆ. 1960ರ ದಶಕದಲ್ಲಿ ಅ.ನ.ಕೃಷ್ಣರಾಯರು, ಮ.ರಾಮಮೂರ್ತಿ ಮೊದಲಾದವರು ನಡೆಸಿದ ಕನ್ನಡ ಚಳವಳಿಯ ಕಾಲದಲ್ಲಿ ಡಬ್ಬಿಂಗ್ ವಿರೋಧವು ಬಲವಾಗಿ ಬೇರೂರಿತು. ಮದರಾಸಿನ ಸ್ಟುಡಿಯೋಗಳ ನೆರಳಿನಲ್ಲಿ ಉಸಿರು ಹಿಡಿದಿದ್ದ ಕನ್ನಡ ಚಿತ್ರರಂಗಕ್ಕೆ ಅಂದು ಆ ರಕ್ಷಣೆ ಅಗತ್ಯವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಸಸಿಗೆ ಕಟ್ಟಿದ ಬೇಲಿಯನ್ನು ಮರವಾದ ಮೇಲೂ ಬಿಚ್ಚಲಿಲ್ಲ. ಕನ್ನಡದ ನಟನಿಗೆ ಪೈಪೋಟಿ ಕೊಡಲಾರದ ಗೆರೆಯ ಬೊಂಬೆಗಳಿಗೂ ಕನ್ನಡದ ಬಾಯಿ ದೊರೆಯುವುದು ತಡವಾಯಿತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿತು. ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯ ವಿರುದ್ಧ ಆದೇಶ ನೀಡಿದ್ದು 2015ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಬಾಲ್ಯ ಪರನುಡಿಯ ಕಾರ್ಟೂನುಗಳಲ್ಲಿ ಕಳೆದಿತ್ತು.

ಚಿತ್ರಕಥೆ ಕನ್ನಡಕ್ಕೆ ಹೊಸದೇ ಎಂದರೆ, ಅಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರಿನೊಡನೆ ಬೆಸೆದುಕೊಂಡಿರುವ 'ಅಮರ ಚಿತ್ರಕಥೆ' ಮೊದಲು ಬಂದದ್ದು ಇಂಗ್ಲಿಷಿನಲ್ಲಲ್ಲ. 1965ರಲ್ಲಿ ಬೆಂಗಳೂರಿನ ಜಿ.ಕೆ.ಅನಂತರಾಮ್ ಅವರ ಮುತುವರ್ಜಿಯಿಂದ ಆ ಮಾಲೆ ಕನ್ನಡದಲ್ಲಿ ಆರಂಭವಾಯಿತು. ಮೊದಲ ಹತ್ತು ಪುಸ್ತಕಗಳು ಕನ್ನಡದವು. ಇಂಗ್ಲಿಷ್ ಮಾಲೆಯ ಎಣಿಕೆ 'ಕೃಷ್ಣ'ನಿಂದ, ಹನ್ನೊಂದನೆಯ ಸಂಖ್ಯೆಯಿಂದ ಮೊದಲಾಗುವುದಕ್ಕೆ ಇದೇ ಕಾರಣ. ಆ ಹತ್ತರ ವಸ್ತು ಸಿಂಡ್ರೆಲಾಳಂತಹ ಪಾಶ್ಚಾತ್ಯ ಕಥೆಗಳಾಗಿದ್ದವೆಂಬುದು ಬೇರೆ ಮಾತು.

ಇನ್ನೂ ಹಿಂದಕ್ಕೆ ಸರಿದರೆ ಶ್ರವಣಬೆಳಗೊಳ. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಾಂಧ್ರಗಳಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಜೀವನವು ಚಿಕ್ಕ ಚಿಕ್ಕ ಚೌಕಗಳಲ್ಲಿ ದೃಶ್ಯದಿಂದ ದೃಶ್ಯಕ್ಕೆ ಸಾಗುತ್ತದೆ. ಹನ್ನೆರಡನೆಯ ಶತಮಾನದ ಆ ಕೆಲಸಕ್ಕೆ ಶಿಲ್ಪಿ ದಾಸೋಜ ತನ್ನ ಹೆಸರನ್ನೂ ಬರೆದಿದ್ದಾನೆ. ಜಪಾನಿನವರು ಅನಿಮೆಯ ಪೂರ್ವಜರೆಂದು ಹೆಮ್ಮೆಯಿಂದ ತೋರುವ ಮೊಲ-ಕಪ್ಪೆಗಳ ಚಿತ್ರಸುರುಳಿ, ಕ್ಯೋಟೋದ ಕೋಜಾನ್‌ಜಿ ಮಠದ್ದು, ಹೆಚ್ಚುಕಡಿಮೆ ಅದೇ ಕಾಲದ್ದು. ಪೂರ್ವದ ಜಾಲಾಂಧ್ರದ ಕೆಲವು ಸಾಲುಗಳು ಮರುಜೋಡಣೆಯಲ್ಲಿ ಕ್ರಮ ತಪ್ಪಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿನ ಸುರುಳಿಯಿಂದ ಕಾಗದದ ಬೊಂಬೆಯಾಟಕ್ಕೆ, ಅದರಿಂದ ಮಾಂಗಾಕ್ಕೆ, ಮಾಂಗಾದಿಂದ ಪರದೆಗೆ ಒಂದು ಎಳೆಯನ್ನು ಅವರು ಎಣೆದುಕೊಂಡರು. ಇಲ್ಲಿ ಜಾಲಾಂಧ್ರ, ಮಠದ ಭಿತ್ತಿಚಿತ್ರ, ತೊಗಲುಗೊಂಬೆ ಎಲ್ಲವೂ ಉಳಿದಿದ್ದರೂ ಅವುಗಳ ನಡುವೆ ಎಳೆಯಿಲ್ಲ.

ಯೂಗೊ ಸಾಕೊ 1990ರ ದಶಕದ ಆರಂಭದಲ್ಲಿ ಭಾರತೀಯ ಕಲಾವಿದರೊಡನೆ ನಿರ್ಮಿಸಿದ ಅನಿಮೆ ರಾಮಾಯಣವು 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿತ್ತು, ಕನ್ನಡದಲ್ಲಿರಲಿಲ್ಲ. ನಾಗಚಂದ್ರನು ಲಕ್ಷ್ಮಣನಿಂದ ರಾವಣನನ್ನು ಕೊಲ್ಲಿಸಿ ಬೇರೆಯದೇ ಒಂದು ರಾಮಕಥೆಯನ್ನು ಹೇಳಿದ ನುಡಿಗೆ ಈ ಕಥೆ ಹೇಳಲು ಬಾರದೆ ಇರಲಿಲ್ಲ. ಅದೇ ವರ್ಷದ ಜುಲೈನಲ್ಲಿ ತೆರೆಕಂಡ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ಇತ್ತು. ಅದನ್ನು ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ ಸಂಸ್ಥೆ. ಕುಳಗಿಯ ಮಗು ಹಿರಣ್ಯಕಶಿಪುವಿನ ಅಬ್ಬರವನ್ನು ಪಾಠಪುಸ್ತಕದ ಹೊರಗೆ ಕನ್ನಡದಲ್ಲಿ ಕೇಳುವುದು ಆಗ ಸಾಧ್ಯವಾಯಿತು.